ಹೇಜಲ್‌ವುಡ್‌ನಿಂದ ಪಿಟ್ಸ್‌ಬರ್ಗ್‌ಗೆ

ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹೋದವರೆಲ್ಲ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ 192 ಮೀಟರ್ ಎತ್ತರಕ್ಕೆ ನಿಂತಿರುವ ಉಕ್ಕಿನ ಕಮಾನನ್ನು ನೋಡಿಕೊಂಡು ಬರುತ್ತಾರೆ. ಅಲ್ಲಿಂದ ಉತ್ತರಕ್ಕೆ, ಮಿಸೌರಿ ನದಿ ಬಂದು ಮಿಸಿಸಿಪ್ಪಿಗೆ ಕೂಡುವ ಸಂಗಮದ ಕಡೆಗೆ ಹರಡಿಕೊಂಡ ಬಡಾವಣೆಗಳಿಗೆ ಪ್ರವಾಸಿಗರು ಹೋಗುವುದು ಅಪರೂಪ. ಹೋದರೂ ಕಣ್ಣಿಗೆ ಹಬ್ಬವಾಗುವಂಥದ್ದು ಅಲ್ಲಿ ಹೆಚ್ಚೇನಿಲ್ಲ. ಒಂದನ್ನೊಂದು ಹೋಲುವ ಮನೆಗಳು, ಅಗಲವಾದ ರಸ್ತೆಗಳು, ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದು, ವಿಶಾಲವಾದ ಪಾರ್ಕಿಂಗ್ ಜಾಗದ ಹಿಂದೆ ಕುಳಿತ ಶಾಲೆಗಳು. 2014ರಲ್ಲಿ 18 ವರ್ಷದ ಕಪ್ಪು ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾಗಿ ಲೋಕಕ್ಕೆಲ್ಲ ಹೆಸರು ಗೊತ್ತಾದ ಫರ್ಗ್ಯೂಸನ್ ಇಲ್ಲಿಗೆ ಕೆಲವೇ ಮೈಲಿ. ಹೇಜಲ್‌ವುಡ್ ಎಂಬ ಶಾಲಾ ಜಿಲ್ಲೆ ಇರುವುದೂ ಇಲ್ಲೇ. ಹದಿಹರೆಯದ ಮಕ್ಕಳು ತಾವೇ ಸುದ್ದಿ ಹುಡುಕಿ, ಬರೆದು, ಅಚ್ಚು ಮಾಡಬಹುದೇ, ಮಾಡಿದರೆ ಅದರ ಮೇಲೆ ದೊಡ್ಡವರ ಹಿಡಿತ ಎಷ್ಟಿರಬೇಕು ಎಂದು ಕೇಳಿಕೊಂಡು ಹೊರಟವರು ದಾರಿ ಹಿಡಿಯಬೇಕಾದದ್ದು ಈ ಊರಿನಿಂದಲೇ. ದಾರಿ ಪಶ್ಚಿಮಕ್ಕೆ ಸಾಗಿ ಕೊಲಂಬಿಯಾ, ಕಾನ್ಸಾಸ್ ಸಿಟಿ ಹಾದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕಾನ್ಸಾಸ್ ರಾಜ್ಯದ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿಗೆ ಮುಟ್ಟುತ್ತದೆ. ಒಟ್ಟು ಸುಮಾರು 600 ಕಿಲೋಮೀಟರ್. ಕಾರಿನಲ್ಲಿ ಹೊರಟರೆ ಒಂದು ಹಗಲಿನ ಪಯಣ. ಆದರೆ ಈ ಎರಡು ಊರುಗಳ ಶಾಲಾಮಕ್ಕಳ ನಡುವೆ ಇರುವ ಅಂತರವನ್ನು ಕಿಲೋಮೀಟರ್‌ಗಳಲ್ಲಿ ಅಳೆಯಲಾಗದು.

1983ರ ಮೇ ತಿಂಗಳಲ್ಲಿ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ಪತ್ರಿಕೋದ್ಯಮ ತರಗತಿಯವರು ‘ಸ್ಪೆಕ್ಟ್ರಮ್’ ಎಂಬ ತಮ್ಮ ಪತ್ರಿಕೆಯ ಆರು ಪುಟಗಳನ್ನು ಸಿದ್ಧ ಮಾಡಿದ್ದರು. ಅದರಲ್ಲಿ ಎರಡು ಲೇಖನ ಮುಖ್ಯವಾದವು. ಒಂದು, ಅದೇ ಶಾಲೆಯ ಮೂವರು ಹುಡುಗಿಯರು ಗರ್ಭಿಣಿಯರಾದಾಗ ಅನುಭವಿಸಿದ್ದು. ಇನ್ನೊಂದು, ತಂದೆತಾಯಿಯ ವಿಚ್ಛೇದನ ಮಕ್ಕಳ ಮೇಲೆ ಬೀರುವ ಪರಿಣಾಮ. ಅಚ್ಚಿಗೆ ಹೋಗುವ ಮುಂಚೆ ಕರಡು ಪ್ರಾಂಶುಪಾಲರ ಮೇಜಿಗೆ ಬಂತು. ಹುಡುಗಿಯರ ಹೆಸರು ಬದಲಾಯಿಸಿದ್ದರೂ ಗುರುತು ಸಿಕ್ಕಿಬಿಡಬಹುದು ಎಂದು ಅವರಿಗೆ ಅನ್ನಿಸಿತು. ವಿಚ್ಛೇದನದ ಲೇಖನದಲ್ಲಿ ಒಬ್ಬ ಹುಡುಗಿ ತನ್ನ ತಂದೆಯನ್ನು ದೂರಿದ್ದಳು. ಆ ತಂದೆಗೆ ಉತ್ತರ ಕೊಡುವ ಅವಕಾಶ ಸಿಕ್ಕಿಲ್ಲ ಎಂಬುದೂ ಅವರ ಆಕ್ಷೇಪ. ಶಾಲಾ ವರ್ಷ ಮುಗಿಯುತ್ತಾ ಬಂದಿದೆ, ತಿದ್ದಿಸಲು ಸಮಯವಿಲ್ಲ ಎಂದು ಭಾವಿಸಿ ಅವರು ಆ ಲೇಖನಗಳಿದ್ದ ಎರಡು ಪುಟಗಳನ್ನೇ ತೆಗೆಸಿದರು. ಅದೇ ಪುಟಗಳಲ್ಲಿದ್ದ, ಯಾರದೂ ತಕರಾರಿಲ್ಲದ ಬೇರೆ ಬರಹಗಳೂ ಅವುಗಳ ಜತೆಗೇ ಹೋದವು. ಪತ್ರಿಕೆ ನಾಲ್ಕು ಪುಟದಲ್ಲಿ ಹೊರಬಂತು. ಪ್ರಾಂಶುಪಾಲರ ಆಕ್ಷೇಪಗಳನ್ನು ನಿಧಾನವಾಗಿ ಓದಿದರೆ ಎರಡೂ ನ್ಯಾಯವಾದವೇ ಎಂದು ಒಪ್ಪಬೇಕಾಗುತ್ತದೆ. ಸುದ್ದಿಮೂಲದ ಗುರುತು ಕಾಪಾಡುವುದು, ಆರೋಪ ಹೊತ್ತವರ ಮಾತನ್ನೂ ಕೇಳುವುದು, ಇವೆರಡು ಯಾವ ದೊಡ್ಡ ಪತ್ರಿಕೆಯ ಡೆಸ್ಕಿನಲ್ಲೂ ಮೊದಲು ಏಳುವ ಪ್ರಶ್ನೆಗಳು. ಒಳ್ಳೆಯ ಸುದ್ದಿ ಸಂಪಾದಕ ಅದೇ ಪ್ರಶ್ನೆಗಳನ್ನು ವರದಿಗಾರರ ಮುಂದಿಟ್ಟು, ‘ಆ ತಂದೆಗೆ ಫೋನ್ ಮಾಡಿ ಮಾತಾಡಿಸಿಕೊಂಡು ಬಾ’ ಎಂದು ಕಳಿಸುತ್ತಾನೆ. ಇಲ್ಲಿ ಆದದ್ದು ಹಾಗಲ್ಲ. ತಿದ್ದುವ ಕೈ ಕತ್ತರಿಯನ್ನು ಹಿಡಿಯಿತು. ಅತ್ಯುತ್ತಮ ಪಾಠವಾಗಬಹುದಾಗಿದ್ದ ಎರಡು ಪ್ರಶ್ನೆಗಳು ಮಕ್ಕಳ ಕಿವಿಗೆ ತಲುಪುವ ಮುಂಚೆ ಶಿಕ್ಷೆಯಾಗಿ ಮಾರ್ಪಟ್ಟವು.

ಮೂವರು ವಿದ್ಯಾರ್ಥಿನಿಯರು ನ್ಯಾಯಾಲಯಕ್ಕೆ ಹೋದರು. ಕೆಳಗಿನ ಕೋರ್ಟು ಶಾಲೆಯ ಪರ, ಮೇಲ್ಮನವಿಯ ಕೋರ್ಟು ಮಕ್ಕಳ ಪರ ತೀರ್ಪು ಕೊಟ್ಟವು. ಕೊನೆಗೆ 1988ರ ಜನವರಿ 13ರಂದು ಸುಪ್ರೀಂ ಕೋರ್ಟು 5–3ರ ಬಹುಮತದಿಂದ ಶಾಲೆಯ ಕಡೆ ನಿಂತಿತು. 1969ರಲ್ಲಿ ಇದೇ ನ್ಯಾಯಾಲಯ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಬಂದ ಅಯೋವಾದ ಮಕ್ಕಳ ಪರ ತೀರ್ಪು ಕೊಟ್ಟು, ಶಾಲೆಯ ಬಾಗಿಲು ದಾಟಿದ ಮಾತ್ರಕ್ಕೆ ವಿದ್ಯಾರ್ಥಿಯ ವಾಕ್ ಸ್ವಾತಂತ್ರ್ಯ ಕಳಚಿಬೀಳುವುದಿಲ್ಲ ಎಂದಿತ್ತು. ಹೇಜಲ್‌ವುಡ್ ತೀರ್ಪಿನ ತರ್ಕ ಬೇರೆ: ಪತ್ರಿಕೆ ಪಠ್ಯಕ್ರಮದ ಭಾಗ, ಶಾಲೆಯ ಹೆಸರಿನಲ್ಲಿ ಬರುವಂಥದ್ದು; ಆದ್ದರಿಂದ ಶಿಕ್ಷಣಕ್ಕೆ ಸಂಬಂಧಿಸಿದ ಸಕಾರಣವಿದ್ದರೆ ಆಡಳಿತ ಅದನ್ನು ನಿಯಂತ್ರಿಸಬಹುದು. ಭಿನ್ನಮತ ಬರೆದ ನ್ಯಾಯಮೂರ್ತಿ ವಿಲಿಯಂ ಬ್ರೆನನ್, ಬೇಕಾದ ಕಡೆಯಷ್ಟೇ ತಿದ್ದಬಹುದಿತ್ತು, ಬೇಕಾದದ್ದನ್ನು ಸೇರಿಸಬಹುದಿತ್ತು, ಸಂಚಿಕೆಯನ್ನು ಸ್ವಲ್ಪ ತಡಮಾಡಬಹುದಿತ್ತು ಎಂದು ಬಿಡಿಬಿಡಿಯಾಗಿ ಎತ್ತಿ ತೋರಿಸಿದರು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಆ ಭಿನ್ನಮತದಲ್ಲಿದೆ. ಪತ್ರಿಕೆ ಪಾಠದ ಭಾಗ ಎಂಬ ಬಹುಮತದ ಮಾತು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಪಾಠ ಅಂದಮೇಲೆ ತಪ್ಪನ್ನು ತೋರಿಸಿ ತಿದ್ದಿಸಬೇಕು. ಗಣಿತದ ಲೆಕ್ಕ ತಪ್ಪಾದರೆ ಯಾವ ಮೇಷ್ಟರೂ ಹಾಳೆಯನ್ನು ಹರಿದು ಬಿಸಾಡಿ ‘ಇದೇ ಗಣಿತ’ ಎನ್ನುವುದಿಲ್ಲ. ಹದಿಹರೆಯದವರಿಗೆ ಸುದ್ದಿ ಮಾಡುವುದನ್ನು ಕಲಿಸುವ ಯಾವ ಪ್ರಯತ್ನವಾದರೂ ಒಂದು ಷರತ್ತಿನ ಮೇಲೆ ನಿಂತಿದೆ ಎಂಬುದು ಈ ದಾರಿಯುದ್ದಕ್ಕೂ ನಾನು ಸಾಧಿಸಹೊರಟ ಮಾತು: ಸುದ್ದಿಯನ್ನು ತಡೆಯುವ ಅಧಿಕಾರವನ್ನು ದೊಡ್ಡವರು ಬಿಟ್ಟುಕೊಡಬೇಕು, ಸುದ್ದಿಯನ್ನು ಪ್ರಶ್ನಿಸುವ ಹೊಣೆಯನ್ನು ಎಂದಿಗೂ ಬಿಡಬಾರದು. ಇವೆರಡೂ ಒಂದೇ ಕೈಯಲ್ಲಿ ಇದ್ದಾಗ ಪ್ರಶ್ನೆ ಸಾಯುತ್ತದೆ. ಕೊನೆಗೆ ಕತ್ತರಿ ಬೀಳುತ್ತದೆ ಎಂದು ಗೊತ್ತಿರುವ ಹುಡುಗಿ ತನ್ನ ಟಿಪ್ಪಣಿಯನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳುವುದಿಲ್ಲ. ಮುಂದಿನ ಸಲ ಕ್ರೀಡಾಕೂಟದ ವರದಿ ಬರೆದುಕೊಡುತ್ತಾಳೆ, ಅಷ್ಟೇ.

ಸೇಂಟ್ ಲೂಯಿಸ್‌ನಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಮಿಸೌರಿ ರಾಜ್ಯದ ನಡುಮಧ್ಯದಲ್ಲಿ ಕೊಲಂಬಿಯಾ ಸಿಗುತ್ತದೆ. ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 1908ರಲ್ಲಿ ಆರಂಭವಾದದ್ದು ಇಲ್ಲಿ. ಅದನ್ನು ಕಟ್ಟಿದ ವಾಲ್ಟರ್ ವಿಲಿಯಮ್ಸ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮುದ್ರಣಾಲಯದಲ್ಲಿ ಕೆಲಸ ಕಲಿತು ಸಂಪಾದಕರಾದವರು, ಮುಂದೆ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ಶಾಲೆಯ ಬಾಗಿಲು ತೆರೆದ ದಿನವೇ ವಿದ್ಯಾರ್ಥಿಗಳ ಕೈಯಿಂದ ಪತ್ರಿಕೆ ಹೊರಬಿದ್ದಿತು, ಊರಿನವರು ಕಾಸು ಕೊಟ್ಟು ಓದುವ ನಿಜವಾದ ಪತ್ರಿಕೆ. ಕೆಲಸ ಮಾಡುತ್ತಲೇ ಕೆಲಸ ಕಲಿಯಬೇಕೆಂಬ ಆ ಪದ್ಧತಿಗೆ ಇಂದಿಗೂ ಮಿಸೌರಿಯ ಹೆಸರೇ ಅಂಟಿಕೊಂಡಿದೆ. ಇದು 18 ದಾಟಿದವರ ಮಾತು, ನಿಜ. ಆದರೂ ತತ್ವ ವಯಸ್ಸಿಗೆ ಕಟ್ಟುಬಿದ್ದದ್ದಲ್ಲ. ಓದುಗರಿಲ್ಲದ ಪತ್ರಿಕೆಯಲ್ಲಿ ಸುದ್ದಿ ಬರೆಯುವುದನ್ನು ಕಲಿಯಲಾಗದು. ತಪ್ಪು ಹೆಸರು ಅಚ್ಚಾದರೆ ಮರುದಿನ ಆ ಹೆಸರಿನವರು ಎದುರಾಗುತ್ತಾರೆ ಎಂಬ ಅಂಜಿಕೆ ಇದ್ದಾಗಲೇ ಕಾಗುಣಿತಕ್ಕೆ ಬೆಲೆ. ಜಗತ್ತಿಗೆ ಪತ್ರಿಕೋದ್ಯಮ ಶಿಕ್ಷಣದ ದಾರಿ ತೋರಿಸಿದ ರಾಜ್ಯದಲ್ಲೇ ಹೈಸ್ಕೂಲು ಮಕ್ಕಳ ಎರಡು ಪುಟಗಳು ಕಿತ್ತುಹೋದವು ಎಂಬುದು ಮನಸ್ಸಿಗೆ ನೋವು ತರುವ ಸಂಗತಿ. ಮಿಸೌರಿಯ ಭೂಪಟವನ್ನು ಹರಡಿಕೊಂಡು ಸುತ್ತಲೂ ಕಣ್ಣಾಡಿಸಿದರೆ ಈ ನೋವು ಇನ್ನೂ ಹೆಚ್ಚಾಗುತ್ತದೆ. ಉತ್ತರದ ಅಯೋವಾ 1989ರಲ್ಲಿ, ಪಶ್ಚಿಮದ ಕಾನ್ಸಾಸ್ 1992ರಲ್ಲಿ, ದಕ್ಷಿಣದ ಅರ್ಕನ್ಸಾ 1995ರಲ್ಲಿ, ನದಿಯಾಚೆಯ ಇಲಿನಾಯ್ 2016ರಲ್ಲಿ ಶಾಲಾ ಪತ್ರಕರ್ತರಿಗೆ ರಕ್ಷಣೆ ಕೊಡುವ ತಮ್ಮದೇ ಕಾನೂನು ಮಾಡಿಕೊಂಡವು. ಸುಪ್ರೀಂ ಕೋರ್ಟು ಹಾಕಿದ್ದು ಕನಿಷ್ಠ ಮಿತಿಯ ಗೆರೆ. ಅದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಕೊಡುತ್ತೇವೆಂದು ಒಂದು ರಾಜ್ಯ ತೀರ್ಮಾನಿಸಿದರೆ ಅಡ್ಡಿಯಿಲ್ಲ.

ಕಾನ್ಸಾಸ್ ಕಾನೂನು ಓದಿ ನೋಡಬೇಕಾದಂಥದ್ದು, ಏಕೆಂದರೆ ತಡೆಯುವುದನ್ನೂ ಪ್ರಶ್ನಿಸುವುದನ್ನೂ ಅದು ಬೇರೆಬೇರೆಯಾಗಿ ಬಿಡಿಸಿಟ್ಟಿದೆ. ರಾಜಕೀಯದ ಅಥವಾ ವಿವಾದದ ವಿಷಯ ಎಂಬ ಒಂದೇ ಕಾರಣಕ್ಕೆ ಬರಹವನ್ನು ತಡೆಹಿಡಿಯುವಂತಿಲ್ಲ. ಪತ್ರಿಕೆಯಲ್ಲಿ ಏನು ಬರಬೇಕು ಎಂದು ತೀರ್ಮಾನಿಸುವ ಹೊಣೆ ವಿದ್ಯಾರ್ಥಿ ಸಂಪಾದಕರದ್ದು. ಪುಟ ಎಷ್ಟು, ಯಾವಾಗ ಬರಬೇಕು, ಹೇಗೆ ಹಂಚಬೇಕು ಎಂಬುದನ್ನು ಶಾಲೆ ಗೊತ್ತುಮಾಡಬಹುದು. ಬರಹವನ್ನು ಪರಿಶೀಲಿಸಿ, ಭಾಷೆಯೂ ಪತ್ರಿಕೋದ್ಯಮವೂ ಉನ್ನತ ಮಟ್ಟದಲ್ಲಿರುವಂತೆ ಮಕ್ಕಳನ್ನು ಪ್ರೋತ್ಸಾಹಿಸಿದರೆ ಅದು ಸ್ವಾತಂತ್ರ್ಯಕ್ಕೆ ಕಡಿವಾಣವಾಗುವುದಿಲ್ಲ ಎಂದೂ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಮಾನಹಾನಿ, ಅಶ್ಲೀಲ, ಕಾನೂನು ಮುರಿಯಲು ಕುಮ್ಮಕ್ಕು ಇಂಥವಕ್ಕೆ ರಕ್ಷಣೆಯಿಲ್ಲ. ಕೊನೆಯದಾಗಿ, ಮಕ್ಕಳ ಬರಹವನ್ನು ಅದುಮಲು ಒಪ್ಪದ ಕಾರಣಕ್ಕೆ ಮಾರ್ಗದರ್ಶಕ ಶಿಕ್ಷಕರನ್ನು ಕೆಲಸದಿಂದ ತೆಗೆಯುವುದಾಗಲಿ, ವರ್ಗ ಮಾಡುವುದಾಗಲಿ ಸಲ್ಲದು. ದೊಡ್ಡವರು ದೂರ ಸರಿಯಲಿ ಎಂದು ಈ ಕಾನೂನು ಎಲ್ಲೂ ಹೇಳುತ್ತಿಲ್ಲ. ಅವರು ಪಕ್ಕದಲ್ಲೇ ಕುಳಿತು, ಕೆಂಪು ಪೆನ್ನು ಹಿಡಿದು, ‘ಇದು ನಿನಗೆ ಹೇಗೆ ಗೊತ್ತು’ ಎಂದು ಕೇಳುತ್ತಲೇ ಇರಲಿ ಎನ್ನುತ್ತದೆ.

ಕಾನ್ಸಾಸ್ ಸಿಟಿಯಿಂದ ದಕ್ಷಿಣಕ್ಕೆ ಇಳಿಯುವ 69ನೇ ಹೆದ್ದಾರಿ ಕಾನ್ಸಾಸ್ ರಾಜ್ಯದ ಪೂರ್ವದ ಅಂಚಿಗೆ ಅಂಟಿಕೊಂಡೇ ಹೋಗುತ್ತದೆ. ಹೊಲ, ಹುಲ್ಲುಗಾವಲು, ಮತ್ತೆ ಹೊಲ. ನಡುವೆ ಬರುವ ಫೋರ್ಟ್ ಸ್ಕಾಟ್ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ಹುಟ್ಟಿದ ಊರು. ಗಿರವಿ ಅಂಗಡಿಯಲ್ಲಿ ಕ್ಯಾಮೆರಾ ಕೊಂಡು ತನಗೆ ತಾನೇ ಕಲಿತು, ‘ಲೈಫ್’ ಪತ್ರಿಕೆಯ ಸಿಬ್ಬಂದಿ ಸೇರಿದ ಮೊದಲ ಕಪ್ಪು ಛಾಯಾಗ್ರಾಹಕನಾದವರು. ಇನ್ನೂ ಕೆಳಗೆ ಹೋದಂತೆ ಭೂಮಿಯ ಮೇಲೆ ಉದ್ದುದ್ದ ಕೊಳಗಳು ಕಾಣಿಸುತ್ತವೆ. ಕಲ್ಲಿದ್ದಲು ಅಗೆದು ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತು, ಈಗ ಅವು ಮೀನು ಹಿಡಿಯುವ ಜಾಗಗಳಾಗಿವೆ. ಗಣಿ ಕೆಲಸಕ್ಕೆ ಯುರೋಪಿನ ನಾನಾ ಕಡೆಗಳಿಂದ ಜನ ಬಂದು ನೆಲೆಸಿದ ಈ ಸೀಮೆಯನ್ನು ‘ಪುಟ್ಟ ಬಾಲ್ಕನ್’ ಎಂದೂ ಕರೆಯುತ್ತಾರೆ. ಪಿಟ್ಸ್‌ಬರ್ಗ್‌ಗೆ ಹತ್ತಿರದ ಜಿರಾರ್ಡ್ ಎಂಬ ಪಟ್ಟಣದಿಂದ ಒಂದು ಕಾಲದಲ್ಲಿ ‘ಅಪೀಲ್ ಟು ರೀಸನ್’ ಎಂಬ ಸಮಾಜವಾದಿ ವಾರಪತ್ರಿಕೆ ದೇಶವೆಲ್ಲ ಹರಡುತ್ತಿತ್ತು. ಷಿಕಾಗೋದ ಕಸಾಯಿಖಾನೆಗಳ ಕರಾಳ ಸ್ಥಿತಿಯನ್ನು ಬಯಲಿಗೆಳೆದ ಅಪ್ಟನ್ ಸಿಂಕ್ಲೇರರ ‘ದಿ ಜಂಗಲ್’ ಕಾದಂಬರಿ 1905ರಲ್ಲಿ ಮೊದಲು ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಅಧಿಕಾರದಲ್ಲಿರುವವರನ್ನು ನಿಲ್ಲಿಸಿ ಕೇಳುವುದು ಈ ಮಣ್ಣಿಗೆ ಹೊಸದಲ್ಲ. ಪೆನ್ಸಿಲ್ವೇನಿಯಾದ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನ ಹೆಸರನ್ನು ಎರವಲು ಪಡೆದ ಈ ಊರಿನ ಜನಸಂಖ್ಯೆ 20,000ದ ಆಸುಪಾಸು. ಒಂದು ವಿಶ್ವವಿದ್ಯಾಲಯ, ಒಂದು ಮುಖ್ಯ ಬೀದಿ, ಒಂದು ಸರ್ಕಾರಿ ಹೈಸ್ಕೂಲು, ಆ ಶಾಲೆಗೆ ‘ಬೂಸ್ಟರ್ ರಿಡಕ್ಸ್’ ಎಂಬ ವಿದ್ಯಾರ್ಥಿ ಪತ್ರಿಕೆ.

2017ರ ಮಾರ್ಚ್ ಮೊದಲ ವಾರದಲ್ಲಿ ಆ ಶಾಲೆಗೆ ಹೊಸ ಪ್ರಾಂಶುಪಾಲರ ನೇಮಕವಾಯಿತು. ಹೊಸಬರನ್ನು ಓದುಗರಿಗೆ ಪರಿಚಯಿಸುವ ಸಾದಾ ಲೇಖನ ಬರೆಯಲು ಪತ್ರಿಕೆಯ ಮಕ್ಕಳು ಕುಳಿತರು. ಯಾರ ಮೇಲೂ ಸಂಶಯವಿರಲಿಲ್ಲ, ಪರಿಚಯ ಲೇಖನಕ್ಕೆ ಬೇಕಾದ ವಿವರ ಕೂಡಿಸುವುದಷ್ಟೇ ಉದ್ದೇಶ. ಸ್ನಾತಕೋತ್ತರ ಪದವಿ, ಡಾಕ್ಟರೇಟು ಎರಡೂ ಕಾರ್ಲಿನ್ಸ್ ಎಂಬ ವಿಶ್ವವಿದ್ಯಾಲಯದ್ದು ಎಂದಿತ್ತು. ಹುಡುಕಿದರೆ ಅದರ ಜಾಲತಾಣ ತೆರೆಯಲಿಲ್ಲ. ಅದಕ್ಕೆ ಅಧಿಕೃತ ಮಾನ್ಯತೆ ಇರುವ ದಾಖಲೆ ಸಿಗಲಿಲ್ಲ. ಮಕ್ಕಳು ಹೊಸ ಪ್ರಾಂಶುಪಾಲರನ್ನೇ ಫೋನಿನಲ್ಲಿ ಸಂಪರ್ಕಿಸಿ ಕೇಳಿದರು. ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಇಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಈ ಇಡೀ ಕಥೆಯಲ್ಲಿ ನಾನು ಅತ್ಯಂತ ದೊಡ್ಡದೆಂದು ತಿಳಿಯುತ್ತೇನೆ. ಮಾರ್ಗದರ್ಶಕ ಶಿಕ್ಷಕಿ ನೇಮಕಾತಿ ಸಮಿತಿಯಲ್ಲಿದ್ದವರು. ಹಾಗಾಗಿ ಈ ವರದಿಯ ಮೇಲ್ವಿಚಾರಣೆ ತಾನು ಮಾಡುವುದು ಸರಿಯಲ್ಲವೆಂದು ಅವರು ಹಿಂದೆ ಸರಿದರು, ರಾಜ್ಯದ ಶಾಲಾ ಪತ್ರಿಕಾ ಸಂಘದ ಹಿರಿಯರನ್ನು ಮಕ್ಕಳ ಜತೆ ಕೂಡಿಸಿದರು. ಹಿತಾಸಕ್ತಿಯ ಸಂಘರ್ಷ ಎಂದರೆ ಏನೆಂದು ಹಲಗೆಯ ಮೇಲೆ ಬರೆದು ಎಷ್ಟು ವಿವರಿಸಿದ್ದರೂ ಆ ಮಕ್ಕಳಿಗೆ ಇಷ್ಟು ಗಟ್ಟಿಯಾಗಿ ನಾಟುತ್ತಿರಲಿಲ್ಲ. ಮಾರ್ಚ್ 31ರಂದು ವರದಿ ಪ್ರಕಟವಾಯಿತು. ಏಪ್ರಿಲ್ 4ರಂದು ಆಡಳಿತ ಮಂಡಳಿಯ ವಿಶೇಷ ಸಭೆಯಲ್ಲಿ ಹೊಸ ಪ್ರಾಂಶುಪಾಲರ ರಾಜೀನಾಮೆ ಅಂಗೀಕಾರವಾಯಿತು.

ಈ ಘಟನೆಯನ್ನು ಮೆಚ್ಚುವವರು ಎಷ್ಟೋ, ಅನುಮಾನದಿಂದ ನೋಡುವವರೂ ಅಷ್ಟೇ ಇರಬಹುದು. ಅವರ ಅನುಮಾನವನ್ನು ಹಗುರಾಗಿ ಕಾಣುವಂತಿಲ್ಲ. ಒಬ್ಬರ ಉದ್ಯೋಗ ಹೋಯಿತು. 16, 17ರ ಮಕ್ಕಳ ಕೈಗೆ ಅಷ್ಟು ಹರಿತವಾದ ಆಯುಧ ಕೊಡಬಹುದೇ? ವಿವೇಕ ಬಲಿಯುವ ಮುಂಚೆ ಗೆಲುವಿನ ರುಚಿ ಹತ್ತಿದರೆ ಮುಂದೆ ಬೇಟೆಯೇ ವೃತ್ತಿಯಾಗದೇ? ಉತ್ತರ ಆ ಮೂರು ವಾರಗಳ ನಡಿಗೆಯಲ್ಲಿದೆ. ಮಕ್ಕಳು ರಾಜೀನಾಮೆ ಕೇಳಲಿಲ್ಲ, ಘೋಷಣೆ ಕೂಗಲಿಲ್ಲ. ಪರಿಶೀಲಿಸಿ ಖಚಿತವಾದದ್ದನ್ನು ಬರೆದರು, ಸಂಬಂಧಪಟ್ಟವರ ಮಾತನ್ನು ಕೇಳಿದರು, ಮುಂದಿನ ತೀರ್ಮಾನವನ್ನು ಮಂಡಳಿಗೆ ಬಿಟ್ಟರು. ನೇಮಕ ಮಾಡಿದ ಹಿರಿಯರು ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿದ್ದು ಧೈರ್ಯಕ್ಕಿಂತ ಹೆಚ್ಚಾಗಿ ಅಭ್ಯಾಸದಿಂದ. ಹೆಸರು, ಇಸವಿ, ಪದವಿ ಎಲ್ಲವನ್ನೂ ಇನ್ನೊಂದು ಕಡೆ ತಾಳೆ ನೋಡಿಯೇ ಬರೆಯಬೇಕೆಂದು ಅವರಿಗೆ ಕಲಿಸಲಾಗಿತ್ತು, ಅವರು ಅದನ್ನೇ ಮಾಡಿದರು. ಇನ್ನೊಂದು ವಾದವೂ ಇದೆ. ದೊಡ್ಡವರ ಪತ್ರಿಕೆಗಳಲ್ಲೂ ಮಾಲೀಕ ಬೇಡವೆಂದರೆ ಸುದ್ದಿ ಬರುವುದಿಲ್ಲ. ಮಕ್ಕಳಿಗೇಕೆ ಇಲ್ಲದ ಸ್ವಾತಂತ್ರ್ಯ, ಲೋಕದ ರೀತಿಯನ್ನು ಈಗಲೇ ಕಲಿಯಲಿ ಎನ್ನುವ ವಾದ. ಮಾಲೀಕನ ಕತ್ತರಿ ಪತ್ರಿಕೋದ್ಯಮದ ರೋಗ. ರೋಗವನ್ನು ಪಠ್ಯಕ್ರಮಕ್ಕೆ ಸೇರಿಸುವ ಅಗತ್ಯವಿಲ್ಲ. ಜತೆಗೆ, ಒಂದು ಪತ್ರಿಕೆಯಲ್ಲಿ ಸುದ್ದಿ ಸತ್ತರೆ ವರದಿಗಾರ ಇನ್ನೊಂದು ಪತ್ರಿಕೆಯ ಬಾಗಿಲು ತಟ್ಟಬಹುದು. ಊರಿಗೊಂದೇ ಹೈಸ್ಕೂಲು ಇರುವಲ್ಲಿ ಹುಡುಗಿ ಹೋಗುವುದೆಲ್ಲಿಗೆ? ಸರ್ಕಾರಿ ಶಾಲೆಯ ಆಡಳಿತ ಎಂದರೆ ಮಾಲೀಕನೂ ಅಲ್ಲ. ಅದು ಸರ್ಕಾರವೇ.

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎಂದು ಕೇಳುವವರು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯ ಹಾದಿಯನ್ನು ನೆನೆಯಬೇಕು. 2018ರ ಜುಲೈಯಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರೂ, ಚಿತ್ರ ಸಹಿತ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮುಂಚೆ ಮುರ್ಕಿ ತಲುಪಿತು. ರಸ್ತೆಗೆ ಅಡ್ಡ ನಿಂತ ಜನ ಹೊಡೆದು ಒಬ್ಬ ತರುಣನನ್ನು ಕೊಂದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಇಂಥದೇ ವದಂತಿಗೆ ಬಲಿಯಾಗಿದ್ದ. ಫೋನು ಹಿಡಿದವರೆಲ್ಲ ಈಗ ವರದಿಗಾರರೇ, ಇನ್ನು ತರಬೇತಿ ಏತಕ್ಕೆ ಎಂಬ ಮಾತಿಗೆ ಮುರ್ಕಿಗಿಂತ ಬೇರೆ ಉತ್ತರ ಬೇಡ. ಚಿತ್ರ ತೆಗೆಯುವುದು, ಅದಕ್ಕೊಂದು ಸಾಲು ಬರೆಯುವುದು, ಸಾವಿರ ಜನಕ್ಕೆ ಮುಟ್ಟಿಸುವುದು, ಸುದ್ದಿ ತಯಾರಿಸುವ ಈ ಕೆಲಸಗಳೆಲ್ಲ ನಮ್ಮ ಹದಿಹರೆಯದವರಿಗೆ ಬೆರಳ ತುದಿಯಲ್ಲಿವೆ. ಕಲಿಸದೆ ಬಿಟ್ಟದ್ದು ಒಂದೇ, ಕಳಿಸುವ ಮುಂಚೆ ನಿಂತು ಕೇಳುವುದು. ಯಾರು ನೋಡಿದ್ದು? ಯಾವಾಗ? ಆ ಕಾರಿನವರನ್ನು ಯಾರಾದರೂ ಮಾತಾಡಿಸಿದರೇ? ನಾಲ್ಕು ವರದಿಗಳನ್ನು ತಾನೇ ಮಾಡಿ, ಒಮ್ಮೆ ತಪ್ಪು ಅಚ್ಚು ಮಾಡಿ ತಿದ್ದುಪಡಿ ಹಾಕಿದ ಹುಡುಗನ ಬೆರಳು ‘ಫಾರ್ವರ್ಡ್’ ಒತ್ತುವ ಮುಂಚೆ ಒಂದು ಗಳಿಗೆ ತಡೆಯುತ್ತದೆ ಎಂದು ನಂಬಲು ಕಾರಣವಿದೆ. ಗೋಡೆಗೆ ‘ವದಂತಿ ನಂಬಬೇಡಿ’ ಎಂಬ ಫಲಕ ಹಾಕಿದರೆ ಆ ತಡೆ ಹುಟ್ಟುವುದಿಲ್ಲ.

ನಮ್ಮ ದೇಶದಲ್ಲಿ ಇದನ್ನು ಮಾಡಿ ತೋರಿಸಿದವರು ಇಲ್ಲದಿಲ್ಲ, ಅದೂ ಶಾಲೆಯ ನೆರಳಿಲ್ಲದ ಮಕ್ಕಳು. ದೆಹಲಿಯಲ್ಲಿ 2003ರಿಂದ ‘ಬಾಲಕ್‌ನಾಮಾ’ ಎಂಬ ಪತ್ರಿಕೆ ಬರುತ್ತಿದೆ. ಬೀದಿಯಲ್ಲಿ ಬದುಕುವ, ದುಡಿಯುವ ಮಕ್ಕಳ ‘ಬಢತೇ ಕದಮ್’ ಒಕ್ಕೂಟ ಅದನ್ನು ಚೇತನಾ ಸಂಸ್ಥೆಯ ನೆರವಿನಿಂದ ಆರಂಭಿಸಿತು. ಅಕ್ಷರ ಬಾರದ ಮಕ್ಕಳೂ ಅಲ್ಲಿ ವರದಿಗಾರರು; ‘ಬಾತೂನಿ’ ವರದಿಗಾರರೆಂದು ಅವರಿಗೆ ಹೆಸರು. ಅವರು ಕಂಡದ್ದನ್ನು ಹೇಳುತ್ತಾರೆ, ಬರೆಯಬಲ್ಲವರು ಬರೆದುಕೊಳ್ಳುತ್ತಾರೆ. ರೈಲು ಹಳಿಯ ಮೇಲೆ ಛಿದ್ರವಾಗಿ ಬಿದ್ದ ಹೆಣಗಳನ್ನು ಎತ್ತಲು ಪೊಲೀಸರು ನಿಲ್ದಾಣದ ಮಕ್ಕಳನ್ನು ಬಳಸುತ್ತಾರೆ ಎಂಬ ಭಯಂಕರ ಸತ್ಯ ಹೊರಬಂದದ್ದು ಈ ಪತ್ರಿಕೆಯಿಂದ. ದೊಡ್ಡ ಪತ್ರಿಕೆಗಳು ಆಮೇಲೆ ಎತ್ತಿಕೊಂಡವು. ಯಾವ ದೊಡ್ಡವರ ವರದಿಗಾರನಿಗೂ ಆ ಸುದ್ದಿ ಸುಲಭವಾಗಿ ಸಿಗುತ್ತಿರಲಿಲ್ಲ, ಏಕೆಂದರೆ ಅದನ್ನು ಬಲ್ಲ ಮಕ್ಕಳು ದೊಡ್ಡವರನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಇಲ್ಲೇ ಅಪಾಯದ ಪ್ರಶ್ನೆಯೂ ಏಳುತ್ತದೆ. ಇಂಥ ಸುದ್ದಿ ಬರೆದ ಮಗುವನ್ನು ನಾಳೆ ಅದೇ ನಿಲ್ದಾಣದಲ್ಲಿ ಕಾಯುವವರಾರು? ಪಿಟ್ಸ್‌ಬರ್ಗ್‌ನ ಮಕ್ಕಳಿಗೆ ಮನೆಯಿತ್ತು, ಕಾನೂನಿತ್ತು. ಈ ಭಯ ನಿಜವಾದದ್ದು, ಅದಕ್ಕೆ ಪೂರ್ತಿ ಸಮಾಧಾನ ಹೇಳಲಾಗದು. ಹೇಳಬಹುದಾದದ್ದು ಇಷ್ಟು: ಅಪಾಯವನ್ನು ಅಳೆಯುವುದೂ ತರಬೇತಿಯೇ. ತೊಂದರೆಗೊಳಗಾದ ಮಗುವಿನ ಗುರುತನ್ನು ಯಾವ ಮಾಧ್ಯಮವೂ ಬಹಿರಂಗಪಡಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಹೇಜಲ್‌ವುಡ್‌ನ ಪ್ರಾಂಶುಪಾಲರನ್ನು ಕಾಡಿದ ಪ್ರಶ್ನೆಯೂ ಇದೇ ತಾನೆ? ಬೈಲೈನ್ ಬೇಡವೆಂದು ಮಕ್ಕಳೇ ತೀರ್ಮಾನಿಸಬಹುದು, ಇಡೀ ತಂಡದ ಹೆಸರಿನಲ್ಲಿ ಪ್ರಕಟಿಸಬಹುದು, ಇನ್ನೂ ಕೆಲವು ದಿನ ಕಾಯಬಹುದು. ಆ ಚರ್ಚೆಯಲ್ಲಿ ದೊಡ್ಡವರ ಅನುಭವಕ್ಕೆ ತೂಕವಿರಲಿ. ಸುದ್ದಿ ಬರೆಯಲೇಬೇಡಿ ಎಂದರೆ ಮಾತ್ರ ಮಗುವಿಗೆ ರಕ್ಷಣೆ ಸಿಕ್ಕಂತಾಗುವುದಿಲ್ಲ, ಹೆಣ ಎತ್ತಿಸುವವರಿಗೆ ಸಿಕ್ಕಂತಾಗುತ್ತದೆ.

ಕರ್ನಾಟಕದ ದಾರಿ ಇದಕ್ಕಿಂತ ಹಳೆಯದು. 1990ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ ಕಟ್ಟಿಕೊಂಡರು, ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಅವರ ನಡುವೆ ಓಡಾಡಿತು. 1995ರ ಹೊತ್ತಿಗೆ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಹಳ್ಳ, ಗುಡ್ಡ, ಅಡಿಕೆ ತೋಟಗಳ ನಡುವೆ ಚದುರಿದ ಮನೆಗಳ ಆ ಸೀಮೆಯಲ್ಲಿ, ಮಳೆಗಾಲದಲ್ಲಿ ಶಾಲೆಗೆ ಹೋಗುವ ದಾರಿಯ ಕಷ್ಟ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಕ್ಕಳ ಬಾಯಲ್ಲಿ ಬರುವುದು ಅವರ ಬೆನ್ನಿಗಿರುವ ಸಂಸ್ಥೆಯ ಮಾತೇ ಅಲ್ಲವೇ ಎಂಬ ಪ್ರಶ್ನೆ ಇಂಥ ಪ್ರಯತ್ನಗಳ ಬೆನ್ನು ಬಿಟ್ಟಿಲ್ಲ. ಬಾಲಕಾರ್ಮಿಕ ಪದ್ಧತಿಯ ಸಂಪೂರ್ಣ ನಿಷೇಧದ ಬಗ್ಗೆ ದೊಡ್ಡವರಲ್ಲೇ ಒಮ್ಮತವಿಲ್ಲದಾಗ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಸಂಶಯ ನಿವಾರಣೆಗೆ ಒಂದು ಪರೀಕ್ಷೆಯುಂಟು: ಆಶ್ರಯ ಕೊಟ್ಟ ಸಂಸ್ಥೆಗೇ ಮುಜುಗರ ತರುವ ಸುದ್ದಿಯನ್ನು ಆ ಮಕ್ಕಳು ಪ್ರಕಟಿಸಬಲ್ಲರೇ? ಬಲ್ಲರಾದರೆ ಮಾತು ಅವರದ್ದು. ಪಿಟ್ಸ್‌ಬರ್ಗ್ ಆ ಪರೀಕ್ಷೆಯಲ್ಲಿ ಗೆದ್ದಿತು. ಸ್ವಯಂಸೇವಾ ಸಂಸ್ಥೆಯಾಗಲಿ, ಶಾಲೆಯಾಗಲಿ, ಪತ್ರಿಕಾ ಕಚೇರಿಯ ಬೇಸಿಗೆ ಶಿಬಿರವಾಗಲಿ, ಈ ಪರೀಕ್ಷೆಗೆ ಒಡ್ಡಿಕೊಳ್ಳದೆ ‘ಮಕ್ಕಳ ಧ್ವನಿ’ ಎಂದು ಹೇಳಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ನಮ್ಮಲ್ಲಿ ಕಾನೂನಿನ ನೆಲ ಬರಡಾಗಿಲ್ಲ. ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯವನ್ನು ನಾಗರಿಕರಿಗೆ ಕೊಟ್ಟಿದೆ, ಅಲ್ಲಿ ವಯಸ್ಸಿನ ಮಾತಿಲ್ಲ. ಕೇರಳದ ಶಾಲೆಯೊಂದು ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದುನಿಂತಿದ್ದ ಮೂವರು ಮಕ್ಕಳನ್ನು ಹೊರಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳ ಪರ ನಿಂತು ಇದೇ ವಿಧಿಯನ್ನು ಎತ್ತಿಹಿಡಿಯಿತು. ಮಾಹಿತಿಯನ್ನು ಹುಡುಕುವ, ಪಡೆಯುವ, ಹಂಚುವ ಹಕ್ಕು ಮಕ್ಕಳಿಗೂ ಇದೆ ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಅಮೆರಿಕ ಅದನ್ನು ಅನುಮೋದಿಸಿಲ್ಲ. ಕೊರತೆ ಇರುವುದು ಕೆಳಗಿನ ಹಂತದಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಪ್ರಸಾರದ ಪರವಾನಗಿ ಸಿಗದ ಕಾಲದಲ್ಲಿ ‘ನಮ್ಮ ಧ್ವನಿ’ಯವರು ಕೇಬಲ್ ತಂತಿಯಲ್ಲೇ ಊರಿನ ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. 2006ರಲ್ಲಿ ಸಮುದಾಯ ಬಾನುಲಿಗೆ ಬಾಗಿಲು ತೆರೆಯಿತು, ಆದರೆ ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ನಿಷೇಧ ಉಳಿಯಿತು. ಹಾಗಾಗಿ ಊರಿನ ಹುಡುಗಿ ಮೈಕಿನ ಮುಂದೆ ಜನಪದ ಗೀತೆ ಹಾಡಬಹುದು, ಊರಿನ ಸುದ್ದಿ ಓದುವಂತಿಲ್ಲ. ಶಾಲೆಗಳ ವಾರ್ಷಿಕ ಸಂಚಿಕೆಯಲ್ಲೂ ಕವಿತೆಗೆ, ಗಾದೆಗೆ, ಪ್ರವಾಸದ ನೆನಪಿಗೆ ಜಾಗವಿದೆ. ಶೌಚಾಲಯದ ಬೀಗ ಯಾಕೆ ತೆಗೆದಿಲ್ಲ ಎಂಬ ವರದಿಗೆ ಇಲ್ಲ.

ಆ ವರದಿಗೆ ಒಂದು ಜಾಗ ಈಗಾಗಲೇ ಸಿದ್ಧವಿದೆ ಎಂಬುದೇ ನನ್ನ ಭರವಸೆಗೆ ಕಾರಣ. 2006ರ ನಂತರ ಸರ್ಕಾರದ ಆದೇಶದ ಮೇರೆಗೆ ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು. ಮಕ್ಕಳು ಎದ್ದುನಿಂತು ಕುಡಿಯುವ ನೀರು, ಬಸ್ಸು, ಶಾಲೆಯ ಪಕ್ಕದ ಸಾರಾಯಿ ಮಾರಾಟದ ಬಗ್ಗೆ ಕೇಳುತ್ತಾರೆ, ಅಧಿಕಾರಿಗಳು ಬರೆದುಕೊಳ್ಳುತ್ತಾರೆ. ಕಳೆದ ವರ್ಷ ಬರೆದುಕೊಂಡದ್ದು ಏನಾಯಿತು ಎಂದು ಹುಡುಕಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ, ಕೊಳಾಯಿಯ ಹತ್ತಿರ ಹೋಗಿ ಕಣ್ಣಾರೆ ನೋಡಿ, ಚಿತ್ರ ತೆಗೆದು, ಸಭೆಗೆ ಮುಂಚೆ ಪಂಚಾಯಿತಿ ಗೋಡೆಗೆ ಅಂಟಿಸುವ ನಾಲ್ಕು ಪುಟದ ಪತ್ರಿಕೆಯನ್ನು ಎಂಟು, ಒಂಬತ್ತನೇ ತರಗತಿಯ ಹತ್ತು ಮಕ್ಕಳು ತರಬಲ್ಲರು. ದುಡ್ಡು ಹೆಚ್ಚು ಬೇಡ, ಯಂತ್ರವೂ ಬೇಡ. ಬೇಕಾದದ್ದು ಜತೆಗೆ ಕೂತು ಪ್ರತಿ ಸಾಲನ್ನೂ ಪ್ರಶ್ನಿಸುವ ಒಬ್ಬ ಶಿಕ್ಷಕಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟೋ ಕಡೆ ಆ ಶಿಕ್ಷಕಿ ಅತಿಥಿ ಶಿಕ್ಷಕಿ. ಮುಂದಿನ ಜೂನ್‌ನಲ್ಲಿ ತನಗೆ ಕೆಲಸವಿರುತ್ತದೋ ಇಲ್ಲವೋ ಅರಿಯದವಳು. ಪಂಚಾಯಿತಿ ಸದಸ್ಯರ ಮುಖ ಕೆಂಪಾದರೆ ಮೊದಲು ಹೋಗುವುದು ಅವಳ ಕೆಲಸವೇ. ಆದ್ದರಿಂದ ಮಕ್ಕಳ ಗ್ರಾಮಸಭೆಯ ಸುತ್ತೋಲೆಗೆ ಕಾನ್ಸಾಸ್ ಕಾನೂನಿನ ಆ ಕೊನೆಯ ಮಾತನ್ನು ಸೇರಿಸುವುದರಿಂದ ಶುರು ಮಾಡಬಹುದು: ಮಕ್ಕಳ ವರದಿಯನ್ನು ತಡೆಯಲು ಒಪ್ಪದ ಕಾರಣಕ್ಕೆ ಯಾವ ಶಿಕ್ಷಕರನ್ನೂ, ಅತಿಥಿ ಶಿಕ್ಷಕರನ್ನೂ ಸೇರಿಸಿ, ಕೆಲಸದಿಂದ ತೆಗೆಯಕೂಡದು, ವರ್ಗಾಯಿಸಕೂಡದು.